ಪತಂಗದ ಕಿವಿಯಲ್ಲಿದ್ದ ಎರೆಗುಬ್ಬಿ

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇರುವಾಗ ಬೆಳವಲದ ನಲವತ್ತು ಹಳ್ಳಿಗಳ ಹೊಲಗಳಲ್ಲಿ ಕಂಬಗಳು ಹಾಡತೊಡಗುತ್ತಿದ್ದವು. ಹಾಡು ಅನ್ನುವುದು ದೊಡ್ಡ ಮಾತಾಯಿತು. ಹಿತ್ತಾಳೆ ತಟ್ಟೆಯ ಮೇಲೆ ಸೂಜಿಯ ಮೊನೆ ಎಳೆದ ಹಾಗೆ ತೆಳ್ಳಗಿನ ಒಂದು ಎಳೆ, ನಡುವೆ ಎರಡು ಚಿಟಿಕೆ, ಮತ್ತೆ ಅದೇ ಎಳೆ. ಅದರಲ್ಲಿ ಅರ್ಧದಷ್ಟು ಮನುಷ್ಯರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆದರೆ ಕಡಲೆ ಹೊಲದ ಮೇಲೆ ಹಾರಾಡುತ್ತಿದ್ದ ಹೊಗೆಪತಂಗಗಳು ಅದನ್ನು ಕೇಳಿದ ಕೂಡಲೇ ರೆಕ್ಕೆ ಮಡಚಿ ಹರಳಿನಂತೆ ಕೆಳಗೆ ಬೀಳುತ್ತಿದ್ದವು. ಕತ್ತಲು ಕವಿಯುವವರೆಗೂ ಎರೆಮಣ್ಣಿನ ಬಿರುಕುಗಳಲ್ಲಿ ಮಿಸುಕದೆ ಕೂಡುತ್ತಿದ್ದವು. ಅವು ಮೊಟ್ಟೆ ಇಡುವ ಹೊತ್ತೇ ಅದು. ಆ ಹೊತ್ತೊಂದು ತಪ್ಪಿತೆಂದರೆ ಬೆಳೆಗೆ ಕೀಡಿಹುಳು ಬೀಳುವುದೂ ತಪ್ಪಿತು.

ಧ್ವನಿವರ್ಧಕ ಕಟ್ಟಿದ ಆ ಕಂಬಗಳು ಬಂದು ಮೂರು ವರ್ಷವಾಗಿತ್ತು. ಮೊದಮೊದಲು ನಾಯಿಗಳು ಊಳಿಟ್ಟವು, ತೊಟ್ಟಿಲ ಕೂಸುಗಳು ಬೆಚ್ಚಿ ಅತ್ತವು, ಸಂಜೆ ಮುಹೂರ್ತದ ಮದುವೆಯೊಂದರಲ್ಲಿ ಬ್ಯಾಂಡಿನವರು ತಮ್ಮ ಶ್ರುತಿ ಕೆಡುತ್ತದೆಂದು ಜಗಳ ತೆಗೆದರು. ಆಮೇಲೆ ಎಲ್ಲ ರೂಢಿಯಾಯಿತು. ‘ಕಂಬ ಕೂಗಿತು, ಏಳ್ರಿ’ ಎಂದು ಕಳೆ ತೆಗೆಯುವ ಹೆಂಗಸರು ಸೆರಗು ಕೊಡವಿ ಮನೆಯ ಹಾದಿ ಹಿಡಿಯುವರು. ‘ಕಂಬ ಕೂಗೂದ್ರಾಗ ರೊಟ್ಟಿ ಬಡದು ಮುಗಸಬೇಕು’ ಎಂದು ಅತ್ತೆಯರು ಸೊಸೆಯರಿಗೆ ಹೇಳುವರು. ಅದು ಯಾವ ಹಕ್ಕಿಯ ಕೂಗು ಎಂದು ಕೇಳುವವರು ಮಾತ್ರ ಕಡಿಮೆಯಾಗಿದ್ದರು.

ಅದು ಎರೆಗುಬ್ಬಿಯ ಕೂಗು. ಬೆಳವಲದ ಹುಲ್ಲುಬಯಲುಗಳಲ್ಲಿ ಒಂದು ಕಾಲಕ್ಕೆ ಮುಷ್ಟಿಗಾತ್ರದ ಆ ಹಾಡುಹಕ್ಕಿ ಬೇಕಾದಷ್ಟಿತ್ತಂತೆ. ಹುಲ್ಲೆಲ್ಲ ಹೊಲವಾಗಿ, ಹೊಲಕ್ಕೆಲ್ಲ ವಿಷ ಬಿದ್ದು, ಅದು ಅಳಿದುಹೋಗಿ ಎರಡು ತಲೆಮಾರು ಕಳೆದಿದ್ದವು. ಅದರ ಕೂಗನ್ನು ಯಾರೂ ಮುದ್ರಿಸಿಕೊಂಡಿರಲಿಲ್ಲ. ಉಳಿದದ್ದು ಸಂಗ್ರಹಾಲಯದ ಪೆಟ್ಟಿಗೆಯೊಂದರಲ್ಲಿ ಹತ್ತಿ ತುಂಬಿಟ್ಟ ಒಂದು ಒಣಚರ್ಮ ಮಾತ್ರ. ಹಾಗಿದ್ದ ಮೇಲೆ ಅದರ ಕೂಗು ಕಂಬಕ್ಕೆ ಎಲ್ಲಿಂದ ಬಂತು?

ಪತಂಗದಿಂದ ಬಂತು. ಬೇಟೆಯಾಡುವ ಪ್ರಾಣಿ ಅಳಿದು ಎಷ್ಟೋ ವರ್ಷವಾದ ಮೇಲೂ ಬೇಟೆಯ ಮೈಯಲ್ಲಿ ಅದರ ಹೆದರಿಕೆ ಉಳಿದಿರುವುದಾದರೆ, ಆ ಹೆದರಿಕೆಯನ್ನೇ ಓದಿ ಬೇಟೆಗಾರನ ದನಿಯನ್ನು ತಿಳಿಯಬಹುದಲ್ಲವೇ ಎಂದು ಇಂದುಮತಿ ತಡಕೋಡ ಕೇಳಿದ್ದಳು. ನವಲಗುಂದದ ಹಾದಿಯಲ್ಲಿದ್ದ ಬೆಳವಲ ಧ್ವನಿ ಕೇಂದ್ರದಲ್ಲಿ ಆಕೆ ಕೀಟಗಳ ನರಗಳ ಮೇಲೆ ಕೆಲಸ ಮಾಡುತ್ತಿದ್ದಳು. ಹೊಗೆಪತಂಗದ ಎದೆಯ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಕಿವಿ ಇರುತ್ತದೆ. ಅದರ ನರಕ್ಕೆ ಕೂದಲಿಗಿಂತ ತೆಳುವಾದ ತಂತಿ ತಾಗಿಸಿ, ಸಾವಿರಾರು ಬಗೆಯ ಸದ್ದು ಕೇಳಿಸಿ, ಯಾವ ಸದ್ದಿಗೆ ನರ ಬೆಚ್ಚುತ್ತದೆ ಎಂದು ಒಂದು ಯಂತ್ರ ಗುರುತು ಹಾಕಿಕೊಳ್ಳುತ್ತಿತ್ತು. ಬೀಗದ ಒಳಮೈ ನೋಡಿ ಕೀಲಿಕೈ ಮಾಡುವಂತೆ, ಬೆಚ್ಚಿದ ಗುರುತುಗಳನ್ನೆಲ್ಲ ಕೂಡಿಸಿ ಅದು ಒಂದು ಕೂಗನ್ನು ಕಟ್ಟಿಕೊಟ್ಟಿತು. ಒಣಚರ್ಮದ ಗಂಟಲಿನ ಅಳತೆಗೂ ಆ ಕೂಗಿಗೂ ತಾಳೆಯಾಯಿತು. ಕೇಂದ್ರದವರು ಆ ಯಂತ್ರವನ್ನು ಕಿವಿಗನ್ನಡಿ ಎಂದು ಕರೆದರು.

ಇಂದುಮತಿ ಆ ಕೆಲಸಕ್ಕೆ ಬಿದ್ದದ್ದಕ್ಕೆ ಮನೆಯಲ್ಲೊಂದು ಕಾರಣವಿತ್ತು. ಆಕೆಯ ಗಂಡ ಗುರುಪಾದ ಮೊದಲು ಕೀಟನಾಶಕಗಳನ್ನು ಪರೀಕ್ಷೆ ಮಾಡುವ ಹೊಲಗಳ ಮೇಲ್ವಿಚಾರಕನಾಗಿದ್ದ. ಕೀಟನಾಶಕಕ್ಕೆ ಆ ಕಡೆ ಎಣ್ಣೆ ಎನ್ನುತ್ತಾರೆ. ಹತ್ತು ವರ್ಷ ಆ ಎಣ್ಣೆಯ ಗಾಳಿ ಕುಡಿದು ಅವನ ನರಗಳು ಸೋತಿದ್ದವು. ಕೈಗಳು ಒಂದೇ ಸಮನೆ ನಡುಗುತ್ತಿದ್ದವು. ಚಹ ಅರ್ಧ ಲೋಟ ಹಾಕಿಕೊಟ್ಟರೂ ತುಳುಕುತ್ತಿತ್ತು; ಅಂಗಿಯ ಗುಂಡಿಯನ್ನು ಇಂದುಮತಿಯೇ ಹಾಕಬೇಕಾಗಿತ್ತು. ಕಂಬಗಳು ಬಂದ ಮೇಲೆ ನಲವತ್ತು ಊರುಗಳಲ್ಲಿ ಎಣ್ಣೆ ಹೊಡೆಯುವುದು ನಿಂತಿತು. ಆ ವರ್ಷ ಅವಳು ನೆಮ್ಮದಿಯಿಂದ ನಿದ್ದೆ ಮಾಡಿದ್ದಳು.

ಈಗ ಆ ನಿದ್ದೆ ಹೋಗಿತ್ತು.

ಕೇಂದ್ರದ ನಿಯಂತ್ರಣ ಕೋಣೆಯ ಗೋಡೆಯ ಮೇಲೆ ನಲವತ್ತು ಊರುಗಳಿಗೆ ನಲವತ್ತು ದೀಪ. ಕಂಬ ಸರಿಯಾಗಿದ್ದರೆ ಹಸಿರು. ದೀಪಗಳೆಲ್ಲ ಹಸಿರಾಗಿಯೇ ಇದ್ದವು. ಆದರೆ ಪ್ರತಿ ಊರಿನಿಂದ ವಾರವಾರ ಬರುತ್ತಿದ್ದ ಪತಂಗಗಳನ್ನು ಕಿವಿಗನ್ನಡಿಗೆ ಹಿಡಿದಾಗ ಬೇರೆಯೇ ಸಂಗತಿ ಕಾಣುತ್ತಿತ್ತು. ಪರದೆಯ ಮೇಲೆ ಮೇಲಿನ ಗೆರೆ ಎರೆಗುಬ್ಬಿಯ ಕೂಗು. ಕೆಳಗಿನ ಗೆರೆ ಪತಂಗದ ಹೆದರಿಕೆ. ಮೊದಲ ವರ್ಷ ಎರಡೂ ಒಂದರ ಮೇಲೊಂದು ಇಟ್ಟ ರೊಟ್ಟಿಗಳಂತೆ ಹೊಂದುತ್ತಿದ್ದವು. ಈಗ ಕೆಳಗಿನ ಗೆರೆ ಅಲ್ಲಲ್ಲಿ ಜಾರಿತ್ತು, ಸವೆದಿತ್ತು.

ಕಾರಣ ತಿಳಿಯದ್ದೇನಲ್ಲ. ಕೂಗಿಗೆ ಹೆದರದ ಪತಂಗ ಯಾವಾಗಲೂ ಒಂದೆರಡು ಇದ್ದೇ ಇರುತ್ತವೆ. ಉಳಿದವು ನೆಲ ಕಚ್ಚಿದಾಗ ಅವು ಮೊಟ್ಟೆ ಇಡುತ್ತವೆ. ಅವುಗಳ ಮರಿಗಳಿಗೂ ಹೆದರಿಕೆ ಕಡಿಮೆ. ಬಳಸದೆ ಬಿಟ್ಟ ಬೀಗ ನೂರು ವರ್ಷ ಹಾಗೆಯೇ ಇದ್ದೀತು. ದಿನಾ ಸುಳ್ಳು ಕೀಲಿಕೈ ತಿರುಗಿಸಿದರೆ ಎಷ್ಟು ದಿನ ತಡೆದೀತು? ಇನ್ನೆರಡು ಹಂಗಾಮು ಕಳೆದರೆ ಪತಂಗಗಳು ಕಂಬದ ಮೇಲೆಯೇ ಕುಳಿತು ಹಾಡು ಕೇಳುತ್ತವೆ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಮತ್ತೆ ಎಣ್ಣೆ. ಊಟಕ್ಕೆ ಕುಳಿತಾಗ ಗುರುಪಾದನ ಕೈಯಲ್ಲಿ ರೊಟ್ಟಿಯ ತುಂಡು ಪಲ್ಯ ಮುಟ್ಟದೆ ತಟ್ಟೆಯ ಅಂಚಿನಲ್ಲಿ ಅಲೆದಾಡುವುದನ್ನು ನೋಡಿ ಅವಳು ತನ್ನ ತಟ್ಟೆಯನ್ನು ಅರ್ಧಕ್ಕೇ ಸರಿಸುತ್ತಿದ್ದಳು.

“ಏನಾಗೇತಿ?” ಎಂದು ಅವನು ಕೇಳಿದ.

“ಏನಿಲ್ರಿ. ಯಂತ್ರ ಸ್ವಲ್ಪ ಕಾಟ ಕೊಡಾಕತ್ತೇತಿ.”

“ಯಂತ್ರ ಕಾಟ ಕೊಟ್ರ ನಿನ್ನ ಮಾರಿ ಹಿಂಗ ಆಗೂದಿಲ್ಲ ಬಿಡು,” ಎಂದ ಗುರುಪಾದ.

ಹೀಗಿರುವಾಗ ಒಂದು ವಾರ ಸೂಡಿಹಾಳದಿಂದ ಬಂದ ಪತಂಗಗಳು ಅವಳನ್ನು ತಬ್ಬಿಬ್ಬು ಮಾಡಿದವು. ಸೂಡಿಹಾಳ ಗುರುಪಾದನ ಸ್ವಂತ ಊರು. ಅಲ್ಲಿನ ಪತಂಗಗಳ ಗೆರೆ ಎಳ್ಳಷ್ಟೂ ಸವೆದಿರಲಿಲ್ಲ. ಹೊಸ ಬೀಗದ ಹಾಗೆ ಚೊಕ್ಕ. ಡಬ್ಬಿ ಅದಲುಬದಲಾಗಿರಬೇಕೆಂದು ಮತ್ತೆ ತರಿಸಿದಳು. ಹಾಗೆಯೇ ಬಂತು. ತಂತಿ ಬದಲಿಸಿದಳು, ಬೇರೆ ಊರಿನ ಪತಂಗಗಳನ್ನು ನಡುನಡುವೆ ಹಾಕಿ ನೋಡಿದಳು. ಸೂಡಿಹಾಳದವು ಮಾತ್ರ ಮೊದಲಿನಷ್ಟೇ ಹೆದರುತ್ತಿದ್ದವು. ಊರಿನ ಬಡಗಣ ಹೊಲಗಳಿಂದ ಹಿಡಿದು ತಂದವು ಇನ್ನೂ ಹೆಚ್ಚು. ಆ ಹೊಲಗಳಾಚೆ ಇದ್ದದ್ದು ಸೋಲಾರ್ ಪಾರ್ಕು. ಕಣ್ಣು ಹಾಯುವಷ್ಟು ದೂರ ಬಿಸಿಲಿಗೆ ಮೈಯೊಡ್ಡಿದ ಗಾಜಿನ ಫಲಕಗಳು. ಅಲ್ಲಿ ಬೆಳೆ ಇಲ್ಲ, ಆದ್ದರಿಂದ ಕಂಬವೂ ಇಲ್ಲ, ಎಣ್ಣೆಯಂತೂ ಎಂದೂ ಬಿದ್ದಿಲ್ಲ. ಫಲಕಗಳ ಕೆಳಗೆ ಹುಲ್ಲು ಬೆಳೆದು ನಿಂತಿತ್ತು.

ಕೇಂದ್ರದ ಮುಖ್ಯಸ್ಥ ನಜೀರ್ ಸೌದಾಗರ ಗೆರೆಗಳನ್ನು ನೋಡಿ ಗಡ್ಡ ಕೆರೆದುಕೊಂಡರು. “ಅಲ್ಲಿ ಕಂಬ ಇಲ್ಲಲ್ರಿ, ಅದಕ್ಕ ಸವೆದಿಲ್ಲ. ಆ ಪಾರ್ಕಿನ್ಯಾಗ ಪತಂಗ ಮರಿ ಮಾಡಿ ಊರಿಗೆ ಬರಾಕತ್ತಾವ. ಮುಂದಿನ ವರ್ಷ ಅಲ್ಲೂ ಕಂಬ ನೆಡೂನಂತ ಆಗಲೇ ಬರದೀನಿ.”

“ಹಂಗಿದ್ರ ಅವು ಬರೇ ಹಳೇ ಹೆದರಿಕಿ ಉಳಿಸ್ಕೋಬೇಕಿತ್ರಿ ಸರ್,” ಎಂದಳು ಇಂದುಮತಿ. “ಇದು ನಾವು ಶುರು ಮಾಡಿದಾಗ ಇದ್ದದ್ದಕ್ಕಿಂತ ಗಟ್ಟಿ ಐತಿ. ಯಾರೋ ದಿನಾ ಅದನ್ನ ಹದ ಮಾಡಾಕತ್ತಾರ.”

“ಯಾರು?”

ಬಾಯಿಗೆ ಬಂದ ಮಾತು ಅವಳಿಗೇ ಹುಚ್ಚೆನಿಸಿತು. ಸುಳ್ಳು ಹೆದರಿಕೆ ಸವೆಯುತ್ತದೆ. ಸವೆಯದೆ ಉಳಿದ ಹೆದರಿಕೆಯ ಹಿಂದೆ ನಿಜವಾದ ಕೊಕ್ಕು ಇರಬೇಕು. ಹೆದರದ ಪತಂಗವನ್ನು ಯಾವುದೋ ಒಂದು ಹಕ್ಕಿ ಅಲ್ಲಿ ಹಿಡಿದು ತಿನ್ನುತ್ತಿರಬೇಕು.

ಮರುದಿನ ಮಧ್ಯಾಹ್ನ ಗುರುಪಾದನನ್ನೂ ಕರೆದುಕೊಂಡು ಅವಳು ಸೋಲಾರ್ ಪಾರ್ಕಿಗೆ ಹೋದಳು. ಊರಿನ ನೆಲ ಅವನಿಗೆ ಗೊತ್ತು, ಅವಳಿಗೆ ಒಬ್ಬಳೇ ಹೋಗುವ ಧೈರ್ಯವಿರಲಿಲ್ಲ. ಗೇಟಿನ ಕಾವಲುಗಾರ ತಲೆಗೆ ಹಳದಿ ಟೋಪಿ ಕೊಟ್ಟು, “ಪ್ಲೇಟಿಗೆ ಕೈ ಹಚ್ಚಬ್ಯಾಡ್ರಿ. ಹಕ್ಕಿ ಏನ್ ನೋಡ್ತೀರಿ, ಪ್ಲೇಟಿನ ಮ್ಯಾಲ ಹೇಸಿಗಿ ಮಾಡ್ತಾವ, ತೊಳಸೂದೇ ಒಂದ್ ಕೆಲಸ ಆಗೇತಿ,” ಎಂದ.

ಫಲಕಗಳ ಸಾಲಿನ ನೆರಳಲ್ಲಿ ಇಬ್ಬರೂ ಕುಳಿತರು. ಬಿಸಿಲು ಇಳಿಯಿತು. ಹುಲ್ಲಿನಿಂದ ಬೂದುಬಣ್ಣದ ಪತಂಗಗಳು ಒಂದೊಂದಾಗಿ ಎದ್ದವು. ಎದ್ದು, ಇದ್ದಕ್ಕಿದ್ದಂತೆ ಒಟ್ಟಿಗೆ ಬಿದ್ದವು.

ಇಂದುಮತಿಗೆ ಏನೂ ಕೇಳಿಸಿರಲಿಲ್ಲ. ಆದರೆ ಕೈಯಲ್ಲಿದ್ದ ಧ್ವನಿಗ್ರಾಹಕದ ಪರದೆಯ ಮೇಲೆ ತೆಳ್ಳಗಿನ ಒಂದು ಎಳೆ, ಎರಡು ಚಿಟಿಕೆ ಮೂಡಿ ಮಾಯವಾದವು.

“ಅಲ್ಲಿ,” ಎಂದ ಗುರುಪಾದ ಉಸಿರಿನಲ್ಲೇ. ಅವನು ತೋರಿಸಿದ ಬೆರಳು ಅಲುಗುತ್ತಿದ್ದುದರಿಂದ ಅವಳು ಅವನ ಕಣ್ಣು ಹೋದ ದಿಕ್ಕಿಗೆ ನೋಡಿದಳು. ಫಲಕದ ಕಾಲಿನ ಬುಡದಲ್ಲಿ ಮಣ್ಣಿನದೇ ಬಣ್ಣದ ಪುಟ್ಟ ಹಕ್ಕಿ. ಕತ್ತಿನ ಕೆಳಗೆ ಸಾಸಿವೆಹೂವಿನ ಹಳದಿ ಗೀರು. ಬೀಳದೆ ಹಾರುತ್ತಿದ್ದ ಪತಂಗವೊಂದನ್ನು ನೆಗೆದು ಹಿಡಿದು, ನೆಲಕ್ಕೆ ಬಡಿದು ನುಂಗಿತು. ಪೆಟ್ಟಿಗೆಯಲ್ಲಿ ಹತ್ತಿ ತುಂಬಿ ಮಲಗಿಸಿದ್ದ ಚರ್ಮವನ್ನು ಅವಳು ಎಷ್ಟು ಸಲ ಅಳೆದಿದ್ದಳೆಂದರೆ ಗುರುತು ಹಿಡಿಯಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಅಷ್ಟರಲ್ಲಿ ಸೂಡಿಹಾಳದ ಹೊಲದ ಕಂಬಗಳು ಹಾಡತೊಡಗಿದವು. ಆಚೆಯ ಊರಿನ ಕಂಬಗಳು, ಅದರಾಚೆಯವು, ನಾಲ್ಕೂ ದಿಕ್ಕಿನಿಂದ. ಹಕ್ಕಿ ನಿಂತಲ್ಲೇ ಕುಗ್ಗಿತು. ಪುಕ್ಕಗಳೆಲ್ಲ ಮೈಗಂಟಿದವು. ಕತ್ತು ಒಳಗೆಳೆದುಕೊಂಡು ಫಲಕದ ಅಡಿಯ ಕತ್ತಲೆಗೆ ಸರಿದು, ಆಮೇಲೆ ಎಷ್ಟು ಕಾದರೂ ಹೊರಬರಲಿಲ್ಲ.

ಇಂದುಮತಿಗೆ ಆಗ ತಿಳಿಯಿತು. ಹಾಡುಹಕ್ಕಿಗಳು ಕೂಗಿ ತಮ್ಮ ನೆಲೆಯ ಎಲ್ಲೆ ಗುರುತಿಸುತ್ತವೆ. ತನ್ನ ಜಾತಿಯ ಗಂಡಿನ ಕೂಗು ಕೇಳಿಬಂದ ಕಡೆ ಇನ್ನೊಂದು ಹೋಗುವುದಿಲ್ಲ. ಈ ಹಕ್ಕಿಗೆ ಕೇಳಿಸುತ್ತಿದ್ದದ್ದೇನು? ಉತ್ತರಕ್ಕೂ ದಕ್ಷಿಣಕ್ಕೂ, ಪ್ರತಿ ಹೊಲದಲ್ಲೂ, ಪ್ರತಿ ಸಂಜೆಯೂ, ಎಂದೂ ದಣಿಯದ, ಎಂದೂ ಸಾಯದ ಸಾವಿರಾರು ಎರೆಗುಬ್ಬಿಗಳು. ಬೆಳವಲವೆಲ್ಲ ತುಂಬಿಹೋಗಿದೆ, ಕಾಲಿಡಲು ಜಾಗವಿಲ್ಲ ಎಂದು ತಿಳಿದು ಅದು ಗಾಜಿನಡಿಯಲ್ಲಿ ಮುದುಡಿ ಕೂತಿತ್ತು. ಕೆಲದಿನ ಹುಡುಕಿದ ಮೇಲೆ ಅಂಥವು ಇನ್ನೂ ನಾಲ್ಕೈದು ಕಂಡವು. ಎಲ್ಲಿಯೂ ಗೂಡಿರಲಿಲ್ಲ. ಹಳೆಯ ಗೂಡುಗಳ ಹುಲ್ಲು ಮಾತ್ರ ಇತ್ತು, ಕಂಬಗಳು ಬರುವುದಕ್ಕೆ ಮುಂಚಿನದು. ಮೂರು ವರ್ಷದಿಂದ ಅವು ಮರಿ ಮಾಡಿರಲಿಲ್ಲ.

“ನಾನ ಈ ಹಕ್ಕಿಗೋಳ್ನ ಕೊಲ್ಲಾಕತ್ತೀನ್ರಿ,” ಎಂದಳು ಅವಳು, ಬಸ್ಸಿನಲ್ಲಿ ಬರುವಾಗ.

ಗುರುಪಾದ ಕಿಟಕಿಯಾಚೆ ನೋಡುತ್ತಿದ್ದ. “ನಿನಗ ಗೊತ್ತಿರಲಿಲ್ಲ. ಈಗ ಗೊತ್ತಾತು. ಇನ್ನ ಮ್ಯಾಲಿನ ಮಾತು ಹೇಳು.”

ಸೌದಾಗರರು ಚಿತ್ರಗಳನ್ನು ನೋಡಿದರು, ಗೆರೆಗಳನ್ನು ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಅದೇ ಕಷ್ಟವಾಗಿತ್ತು.

“ಇಂದುಮತಿಯವ್ರ, ನೀವು ಹೇಳೂದು ಖರೇ ಐತಿ. ಆದ್ರ ನಾಲ್ಕೈದು ಹಕ್ಕಿ ಸಲುವಾಗಿ ನಲವತ್ತು ಊರಾಗ ಮತ್ತ ಎಣ್ಣಿ ಹೊಡಸೂನೇನು? ನಮ್ಮ ಕಾಕಾ ಎಣ್ಣಿ ಹೊಡಿಯೂ ಮುಂದ ಗಾಳಿ ತಿರುಗಿ ಹೊಲದಾಗ ಬಿದ್ರು. ಅವರ್ನ ಮನಿಗೆ ಹೊತ್ಕೊಂಡ ಬಂದವರಾಗ ನಾನೂ ಒಬ್ಬಾಂವ. ಕಂಬ ಬಂದಾಗಿಂದ ನಮ್ಮ ಕಡೆ ಅಂಥಾ ಹೆಣ ಒಂದೂ ಎದ್ದಿಲ್ಲ. ಹಕ್ಕಿ ಸತ್ರ ನನಗ ಕೆಟ್ಟ ಅನಸ್ತೈತಿ. ಮಂದಿ ಸತ್ರ?”

“ನಮ್ಮ ಮನ್ಯಾಗೂ ಅದನ್ನ ದಿನಾ ನೋಡ್ತೀನ್ರಿ ಸರ್,” ಎಂದಳು ಇಂದುಮತಿ. “ಆದ್ರ ಕಂಬದ ಕೂಗು ಹೆಂಗೂ ಸಾಯಾಕತ್ತೇತಿ. ಈ ಗೆರಿ ನೋಡ್ರಿ. ಪತಂಗಕ್ಕ ಹೆದರಿಕಿ ಉಳೀಬೇಕಂದ್ರ ಕೂಗಿನ ಹಿಂದ ಹಕ್ಕಿ ಇರಬೇಕು. ಅದು ತಿನ್ನೂದು ಬೆರಳೆಣಿಕಿ. ಆದ್ರ ಅದು ಒಮ್ಮಿ ಕೂಗಿದ್ರ ಕೇಳಿದವೆಲ್ಲಾ ಬೀಳ್ತಾವ. ಅಲ್ಲಿ ಕಂಬ ಹಾಕಿ ಅದನ್ನ ಓಡಿಸಿದ್ರ ಹಕ್ಕೀನೂ ಹೋತು, ಕೂಗೂ ಹೋತು, ಎಣ್ಣಿ ಒಂದ ಉಳೀತು.”

ಸೌದಾಗರರು ಎದ್ದು ಹೋಗಿ ಗೋಡೆಯ ದೀಪಗಳ ಮುಂದೆ ನಿಂತರು. ಕೊನೆಗೆ, “ಒಂದ ಊರು. ಒಂದ ಹಿಂಗಾರಿ. ಸೂಡಿಹಾಳದ ಹೊಲದಾಗಿನ ಕಂಬ ಎಲ್ಲಾ ನಿಲ್ಲಸ್ತೀನಿ. ಆದ್ರ ಊರವರು ಒಪ್ಪಬೇಕು. ಅವರ ಹೊಲ ಅದು. ನಾ ಹೇಳಾಕ ಹೋಗೂದಿಲ್ಲ, ನೀವ ಹೋಗಿ ಕೇಳ್ರಿ,” ಎಂದರು.

ಸೂಡಿಹಾಳದಲ್ಲಿ ತಡಕೋಡ ಮನೆತನದ ಹೊಲ ನೋಡಿಕೊಳ್ಳುತ್ತಿದ್ದವಳು ಫಕ್ಕೀರವ್ವ, ಗುರುಪಾದನ ತೀರಿಹೋದ ಅಣ್ಣನ ಹೆಂಡತಿ. ಊರಿನಲ್ಲಿ ಅವಳ ಮಾತಿಗೆ ತೂಕವಿತ್ತು. ಅವಳು ಒಪ್ಪಿದರೆ ಅರ್ಧ ಊರು ಒಪ್ಪಿದಂತೆ. ಇಂದುಮತಿ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಎಲ್ಲ ಹೇಳಿದಳು. ಫಕ್ಕೀರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಿಟ್ಟಿನ ಮೇಲೆ ಅವಳ ಅಂಗೈ ಬೀಳುವ ಸಪ್ಪಳವೇ ಜೋರಾಗುತ್ತ ಹೋಯಿತು.

“ಕಂಬ ತಂದಾಕಿ ನೀ. ಕಂಬ ನಿಲ್ಲಸಂತ ಬಂದಾಕೀನೂ ನೀ,” ಎಂದಳು ಕೊನೆಗೆ. “ನಿನ್ನ ಗಂಡನ ಕೈ ನೋಡ್ಕೋತ ಈ ಮಾತು ಹೆಂಗ ಆಡ್ತಿ?”

“ಅವರ ಕೈ ನೋಡೇ ಆಡಾಕತ್ತೀನಿ ಅಕ್ಕಾ.”

“ಕೀಡಿ ಬಿದ್ರ?”

“ಬೀಳ್ತಾವ. ಬೀಳೂದಿಲ್ಲಂತ ಸುಳ್ಳ ಹೇಳೂದಿಲ್ಲ. ಹಕ್ಕಿ ಪಾರ್ಕ್ ಬಿಟ್ಟು ಹೊಲಕ್ಕ ಬರಾಕ ಎಷ್ಟು ದಿನ ಬೇಕೋ ನನಗ ಗೊತ್ತಿಲ್ಲ. ಬರ್ತಾವೋ ಇಲ್ಲೋ ಅದೂ ಗೊತ್ತಿಲ್ಲ.”

ಫಕ್ಕೀರವ್ವ ಮೊದಲ ಸಲ ಮುಖವೆತ್ತಿ ನೋಡಿದಳು. “ಗೊತ್ತಿಲ್ಲ ಅಂತ ಹೇಳಾಕ ನಿಮ್ಮಂಥಾವ್ರು ಇಲ್ಲೀತನ ಒಬ್ಬರೂ ಬಂದಿರಲಿಲ್ಲ.”

ಪಡಸಾಲೆಯಿಂದ ಗುರುಪಾದನ ದನಿ ಬಂತು. “ವೈನಿ, ನಮ್ಮ ಪಾಲಿನ ಹೊಲ ಮೊದಲು ಬಿಡ್ರಿ. ನಷ್ಟ ಆದ್ರ ನಮ್ಮದ ಆಗಲಿ.”

“ಹೊಲಕ್ಕ ಗೋಡಿ ಕಟ್ಟಿಲ್ಲಪಾ, ಕೀಡಿಗೆ ನಿನ್ನ ಪಾಲು ನನ್ನ ಪಾಲು ಗೊತ್ತಾಗಾಕ,” ಎಂದಳು ಅವಳು. ರೊಟ್ಟಿ ಹಂಚಿಗೆ ಹಾಕಿದಳು. ಅದು ಉಬ್ಬಿದಾಗ ತಿರುವಿ ಹಾಕುತ್ತ ಹೇಳಿದಳು: “ಎಳ್ಳ ಅಮಾಸಿ ತನಕ ನೋಡ್ತೀನಿ. ಅಲ್ಲೀತನ ಯಾರೂ ಎಣ್ಣಿ ಮುಟ್ಟದಂಗ ನಾ ನೋಡ್ಕೋತೀನಿ. ಅಮಾಸಿ ದಾಟಿದ್ರ ನನ್ನ ಕೇಳಬ್ಯಾಡ.”

ಕಂಬಗಳು ನಿಂತ ಮೊದಲ ಸಂಜೆ ಸೂಡಿಹಾಳದ ಜನ ತಾವಾಗಿಯೇ ಮನೆಯಿಂದ ಹೊರಗೆ ಬಂದು ನಿಂತರು. ಏನು ಕಳೆದಿದೆ ಎಂದು ತಿಳಿಯದವರ ಹಾಗೆ ಆಚೀಚೆ ನೋಡಿದರು. ಹೊಲದಲ್ಲಿದ್ದ ಹೆಂಗಸರು ಏಳುವ ಹೊತ್ತು ತಿಳಿಯದೆ ಕತ್ತಲಲ್ಲಿ ಎಡವುತ್ತ ಬಂದರು. ಒಬ್ಬ ಮುದುಕನಂತೂ ತನ್ನ ಕಿವಿ ಹೋಯಿತೆಂದು ಗಾಬರಿಗೊಂಡು ಮಗನ ಕೈ ಹಿಡಿದುಕೊಂಡ.

ಇಂದುಮತಿ ರಜೆ ಹಾಕಿ ಸೂಡಿಹಾಳದಲ್ಲೇ ಉಳಿದಳು. ನಿಯಂತ್ರಣ ಕೋಣೆಯಲ್ಲಿ ಸೂಡಿಹಾಳದ ದೀಪ ಆರಿತ್ತು, ಹಾಗಾಗಿ ಅಲ್ಲಿ ನೋಡುವುದೇನೂ ಇರಲಿಲ್ಲ. ದಿನಾ ಸಂಜೆ ಧ್ವನಿಗ್ರಾಹಕ ಹಿಡಿದು ಬಡಗಣ ಹೊಲದ ಬದುವಿನ ಮೇಲೆ ಕೂತಳು. ಪತಂಗಗಳು ಎದ್ದವು. ಯಾವುದೂ ಬೀಳಲಿಲ್ಲ. ಕಡಲೆ ಹೂ ಬಿಡುವ ಹೊತ್ತಿಗೆ ಎಲೆಗಳಲ್ಲಿ ಮೊದಲ ತೂತು ಕಂಡಿತು. ಆಮೇಲೆ ಎಲ್ಲೆಲ್ಲೂ ಕಂಡಿತು. ಹಸಿರು ಕೀಡಿಗಳು ಎಳೆಗಾಯಿಯೊಳಗೆ ತಲೆ ತೂರಿಸಿ ನೇತಾಡುತ್ತಿದ್ದವು. ಫಕ್ಕೀರವ್ವ ಮನೆಯವರನ್ನೂ ಓಣಿಯವರನ್ನೂ ಹೊಲಕ್ಕಿಳಿಸಿ ಕೈಯಲ್ಲೇ ಆರಿಸಿ ಬಕೆಟ್ಟಿಗೆ ಹಾಕಿಸಿದಳು. ಇಂದುಮತಿಯೂ ಆರಿಸಿದಳು. ಕಡಲೆಯ ಹುಳಿ ಎಲೆಗಳ ಇಬ್ಬನಿಗೆ ಕೈಯೆಲ್ಲ ಉರಿಯುತ್ತಿತ್ತು. ಎಷ್ಟು ಆರಿಸಿದರೂ ಮರುದಿನ ಅಷ್ಟೇ. ಹಾದಿಯಲ್ಲಿ ಎದುರಾದವರು ಅವಳೊಂದಿಗೆ ಮಾತು ಕಡಿಮೆ ಮಾಡಿದರು. ಪಕ್ಕದ ಹೊಲದವನೊಬ್ಬ ಕದ್ದು ಎಣ್ಣೆ ಹೊಡೆದ ವಾಸನೆ ಗಾಳಿಯಲ್ಲಿ ಬಂದ ದಿನ ಗುರುಪಾದ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಫಕ್ಕೀರವ್ವ ಆ ಮನೆಯ ಮುಂದೆ ಹೋಗಿ ನಿಂತು ಏನು ಅಂದಳೋ, ಅವನು ಮತ್ತೆ ಹೊಡೆಯಲಿಲ್ಲ. ಆದರೆ ಅದೇ ದಿನ ಅವಳೇ ಅಟ್ಟ ಹತ್ತಿ, ಎಣ್ಣೆ ಹೊಡೆಯಲು ಬೆನ್ನಿಗೆ ಹೊರುವ ಹಳೆಯ ಪಂಪು ಕೆಳಗಿಳಿಸಿ, ಒರೆಸಿ, ಪಡಸಾಲೆಯ ಮೂಲೆಯಲ್ಲಿ ಇಟ್ಟಳು.

“ಅಕ್ಕಾ, ಇದನ್ನ ಯಾರು ಹೊರೋರು?” ಎಂದು ಇಂದುಮತಿ ಕೇಳಿದಳು.

“ನಾನ. ಮತ್ತ್ಯಾರಿಗೆ ಹೊರಸ್ಲಿ? ಮಕ್ಕಳಿಗೇನು?”

ಅದಾದ ಮೇಲೆ ಇಂದುಮತಿಗೆ ಆ ಮೂಲೆಯ ಕಡೆ ನೋಡುವುದಾಗಲಿಲ್ಲ. ತಾನು ಒಂದು ಹಿಡಿ ಪುಕ್ಕಕ್ಕಾಗಿ ಈ ಮನೆಯ ಇನ್ನೊಂದು ಜೋಡಿ ಕೈಯನ್ನು ಪಣಕ್ಕಿಟ್ಟೆನೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಫೋನೆತ್ತಿ ಸೌದಾಗರರಿಗೆ ‘ಕಂಬ ಶುರು ಮಾಡ್ರಿ’ ಎನ್ನಲು ಎರಡು ಸಲ ಹೊರಟು ಎರಡು ಸಲವೂ ಕೆಳಗಿಟ್ಟಳು.

ಎಳ್ಳ ಅಮಾವಾಸ್ಯೆ ಬಂತು. ಬೆಳವಲದಲ್ಲಿ ಅಂದು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ; ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಪೈರಿನೊಳಗೆ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿ ಆಮೇಲೆ ತಾವು ಉಣ್ಣುತ್ತಾರೆ. ಅರ್ಧ ಬೋಳಾಗಿದ್ದ ಕಡಲೆ ಹೊಲದಲ್ಲಿ ಫಕ್ಕೀರವ್ವ ಸಜ್ಜೆ ಕಡುಬು, ಎಳ್ಳಹೋಳಿಗೆ, ಪುಂಡಿಪಲ್ಯ ಎಲ್ಲವನ್ನೂ ಕಲಸಿ ನಾಲ್ಕು ದಿಕ್ಕಿಗೂ ಎರಚಿದಳು. ಅವಳ ಮುಖ ಗಂಟಿಕ್ಕಿತ್ತು. ನಾಳೆ ಪಂಪು ಹೊಲಕ್ಕಿಳಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಬುತ್ತಿ ಗಂಟು ಕಟ್ಟಿ ಹೊರಡುವ ಹೊತ್ತಿಗೆ ಬಿಸಿಲು ಕೆಂಪಾಯಿತು. ಹೊಲದ ತುಂಬ ಹೊಗೆ ಎದ್ದಂತೆ ಪತಂಗಗಳು ಎದ್ದವು. ಫಕ್ಕೀರವ್ವ ಅವುಗಳ ಕಡೆ ನೋಡಿ, “ನೋಡಿದ್ಯಾ?” ಎಂದಳು. ಇಂದುಮತಿ ತಲೆ ತಗ್ಗಿಸಿದಳು.

ಮರುಕ್ಷಣ ಹೊಗೆ ಆರಿಹೋಯಿತು.

ಬದುವಿನಿಂದ ಹಿಡಿದು ಹೊಲದ ನಡುವಿನವರೆಗೆ ಗಾಳಿಯಲ್ಲಿ ಒಂದು ಪತಂಗವೂ ಇರಲಿಲ್ಲ. ಒಣ ಎಲೆಗಳ ಮೇಲೆ ಅವು ಬಿದ್ದ ಸಣ್ಣ ಸಪ್ಪಳ ಮಾತ್ರ, ಹನಿ ಉದುರಿದ ಹಾಗೆ. ಮಾತು ನಿಂತ ಕಂಬದ ತುದಿಯಲ್ಲಿ ಮಣ್ಣಬಣ್ಣದ ಹಕ್ಕಿಯೊಂದು ಕುಳಿತಿತ್ತು. ಕತ್ತಿನ ಹಳದಿ ಸಂಜೆಯ ಬೆಳಕಿಗೆ ಕಿಡಿಯಂತೆ ಕಾಣುತ್ತಿತ್ತು. ತೆಳ್ಳಗಿನ ಎಳೆ, ಎರಡು ಚಿಟಿಕೆ, ಮತ್ತೆ ಎಳೆ. ಇಂದುಮತಿಗೆ ಬಾಯಿಪಾಠವಾಗಿದ್ದ ಕೂಗು. ಅದು ಮುಗಿಯುವ ಕಡೆ ಮುಗಿಯಿತು.

ಮುಗಿಯಿತೆಂದುಕೊಂಡಳು. ಹಕ್ಕಿ ಕೊರಳುಬ್ಬಿಸಿ ಮುಂದುವರಿಸಿತು.

ಈಗ ಬಂದದ್ದು ತೆಳ್ಳಗಿನದಲ್ಲ. ತುಂಬುದನಿ. ನೀರು ತುಂಬುವ ಕೊಡದಂತೆ ಕೆಳಗಿನಿಂದ ಏರಿ, ಮೇಲೆ ಒಂದು ಕಡೆ ನಿಂತು, ಒಡೆದು ಹತ್ತು ಸಣ್ಣ ಸ್ವರಗಳಾಗಿ ಇಳಿಯಿತು. ಮತ್ತೆ ಏರಿತು, ಈ ಸಲ ಬೇರೆ ದಾರಿ ಹಿಡಿದು. ಫಕ್ಕೀರವ್ವ ಬುತ್ತಿಯ ಗಂಟನ್ನು ಸೊಂಟದಿಂದ ನೆಲಕ್ಕಿಳಿಸಿದಳು.

“ಇದು ನಿಮ್ಮ ಕಂಬದ ಹಾಡಲ್ಲ,” ಎಂದಳು.

ಅಲ್ಲ. ಕಿವಿಗನ್ನಡಿ ಇದನ್ನು ಎಂದೂ ತೋರಿಸಿರಲಿಲ್ಲ, ತೋರಿಸುವಂತೆಯೂ ಇರಲಿಲ್ಲ. ಪತಂಗಕ್ಕೆ ಬೇಕಾದದ್ದು ಸಾವು ತರುವ ಮೊದಲ ಎಳೆ ಮಾತ್ರ. ಅಷ್ಟನ್ನು ಅದು ಕಿವಿಯಲ್ಲಿ ಕಾಪಾಡಿಕೊಂಡು ಬಂದಿತ್ತು. ಉಳಿದದ್ದಕ್ಕೆ ಹೆದರುವ ಕಾರಣ ಅದಕ್ಕಿರಲಿಲ್ಲ. ಹೆದರಿಕೆಯನ್ನು ಓದಿ ತಾನು ಹಕ್ಕಿಯನ್ನೇ ತಿಳಿದೆನೆಂದು ಇಂದುಮತಿ ಅಂದುಕೊಂಡಿದ್ದಳು. ಈಗ ಅವಳ ಕಣ್ಣು ತುಂಬಿ ಹಕ್ಕಿ ಮಸುಕಾಯಿತು. ಗುರುಪಾದ ಅವಳ ಪಕ್ಕಕ್ಕೆ ಬಂದು ನಿಂತ.

ಅವಳು ಸೌದಾಗರರಿಗೆ ಫೋನು ಮಾಡಿದಳು. ಹಲೋ ಎಂದೂ ಅನ್ನದೆ ಫೋನನ್ನು ಕಂಬದ ಕಡೆ ಎತ್ತಿ ಹಿಡಿದಳು.

“ಬೆಳಿ ಎಷ್ಟು ಹೋಗೇತ್ರಿ?” ಎಂದು ಅವರು ಆ ಕಡೆಯಿಂದ ಕೇಳಿದರು.

“ಅರ್ಧ ಹೋಗೇತ್ರಿ ಸರ್.”

“ನಿಮ್ಮ ಅಕ್ಕಾವ್ರು ಏನಂತಾರ?”

ಇಂದುಮತಿ ಫಕ್ಕೀರವ್ವನ ಕಡೆ ನೋಡಿದಳು. ಅವಳು ಕಡಲೆ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬಿದ್ದ ಪತಂಗವೊಂದನ್ನು ಬೆರಳಿನಿಂದ ಮೆಲ್ಲಗೆ ದೂಡಿ ನೋಡುತ್ತಿದ್ದಳು. ಅದು ಮಿಸುಕಲಿಲ್ಲ. “ಉಳಿದ ಅರ್ಧ ಉಳೀತಂದ್ರ ಸಾಕು ಅನ್ನು,” ಎಂದಳು ತಲೆಯೆತ್ತದೆ. “ಮುಂದಿನದು ಮುಂದ.”

ಆ ಮಾತು ಅವರಿಗೆ ಫೋನಿನಲ್ಲೇ ಕೇಳಿಸಿತು. “ಪಾರ್ಕಿನ್ಯಾಗ ಕಂಬ ಹಾಕೂದು ನಾಳೆ ನಿಲ್ಲಸ್ತೀನಿ,” ಎಂದರು ಸೌದಾಗರರು. “ಉಳಿದ ಊರಿಗೆ ಹೋಗಿ ಕೇಳೂದೈತಿ. ಭಾಳ ಮಂದಿ ಬೈತಾರ. ಈ ಸಲ ನಾನೂ ಬರ್ತೀನಿ.” ಕಂಬದ ಮೇಲಿನ ಹಕ್ಕಿ ಉಸಿರೆಳೆದುಕೊಳ್ಳಲೆಂಬಂತೆ ನಿಂತಿತ್ತು. ಅವರು ದನಿ ತಗ್ಗಿಸಿ ಕೇಳಿದರು:

“ಇಂದುಮತಿಯವ್ರ, ಮುಗೀತೇನ್ರಿ? ಇಲ್ಲಾ ಇನ್ನೂ ಐತೇನು?”

“ತಡೀರಿ ಸರ್,” ಎಂದಳು ಅವಳು. “ಇನ್ನೂ ಐತಿ.”